ಬೀಗದಕ್ಕನ ಬೊಂಬೆ ರೋಗಿ

ಊರು ಅಂದ ಮೇಲೆ ಒಂದು ಆಸ್ಪತ್ರೆ, ಆಸ್ಪತ್ರೆ ಅಂದ ಮೇಲೆ ಅದರ ಹಿಂಬದಿಗೆ ಒಂದು ಕಿಟಕಿಯಿಲ್ಲದ ಕೋಣೆ, ಆ ಕೋಣೆ ಅಂದ ಮೇಲೆ ಅದನ್ನು ಕಾಯಲು ಒಂದು ಜೀವ. ಈ ಕತೆಯ ಜೀವಕ್ಕೆ ಎಲ್ಲರೂ ಬೀಗದಕ್ಕ ಎನ್ನುತ್ತಿದ್ದರು.

ಹೆಸರು ಅಪ್ಪನಿಂದ ಬಂದದ್ದು. ಅಪ್ಪ ಬಸ್ ನಿಲ್ದಾಣದ ಗೋಡೆಗೆ ಬೆನ್ನು ಕೊಟ್ಟು ಕೂತು ಬೀಗ ರಿಪೇರಿ ಮಾಡುತ್ತಿದ್ದ. ಮಗಳು ಓದಿ, ಕಂಪ್ಯೂಟರ್ ಕಲಿತು, ಈ ದೊಡ್ಡಾಸ್ಪತ್ರೆಯ ರೋಗಿಗಳ ದಾಖಲೆಗಳನ್ನೆಲ್ಲ ತುಂಬಿಟ್ಟ ಡೇಟಾಬೇಸಿಗೆ ಕಾವಲುಗಾರ್ತಿಯಾದಳು. ಅಪ್ಪನ ಬೀಗ ಕೈಗೆ ಸಿಗುತ್ತಿತ್ತು, ಮಗಳ ಬೀಗ ಕಣ್ಣಿಗೂ ಕಾಣುತ್ತಿರಲಿಲ್ಲ. ಕಸುಬು ಮಾತ್ರ ಅದೇ. ಮದುವೆಯಾಗಿರಲಿಲ್ಲ. "ಮನೆ ತುಂಬ ಬೀಗ, ಆದ್ರೆ ಬೀಗರೇ ಇಲ್ಲ" ಎಂದು ವಾರ್ಡಿನವರು ನಗೆಯಾಡಿದರೆ ಎಲ್ಲರಿಗಿಂತ ಮೊದಲು ಅವಳೇ ನಗುತ್ತಿದ್ದಳು.

ಅಪ್ಪ ಹೇಳಿದ ಮಾತೊಂದನ್ನು ಅವಳು ಮರೆತಿರಲಿಲ್ಲ. "ಮುರಿಯದ ಬೀಗ ಇನ್ನೂ ಯಾರೂ ಮಾಡಿಲ್ಲ ಮಗಾ. ಬೀಗ ಕಳ್ಳನನ್ನ ಸ್ವಲ್ಪ ಹೊತ್ತು ನಿಲ್ಲಿಸುತ್ತೆ, ಅಷ್ಟೆ. ಅವನು ಒಳಗೆ ಬಂದ್ಮೇಲೂ ಮನೆ ಮನೆಯಾಗೇ ಇರಬೇಕು. ಹಾಗೆ ಕಟ್ಕೊಂಡೋನು ಜಾಣ."

ಈ ಮಾತಿನ ಬೆಲೆ ಆಸ್ಪತ್ರೆಗೆ ತಿಳಿದದ್ದು ಪೆಟ್ಟು ತಿಂದ ಮೇಲೆ. ಹಿಂದೊಮ್ಮೆ ಯಾರೋ ದೂರದಲ್ಲಿ ಕೂತವರು ಒಬ್ಬ ಗುಮಾಸ್ತನ ಪಾಸ್‌ವರ್ಡ್ ಕದ್ದು ಒಳನುಗ್ಗಿ, ಇದ್ದ ಒಂದೇ ಯಂತ್ರವನ್ನು ಹಿಂಡಿ ಹಾಕಿದ್ದರು. ಯಾರ ರಕ್ತ ಯಾವ ಗುಂಪಿನದು, ಯಾರಿಗೆ ಯಾವ ಮದ್ದು ಆಗುವುದಿಲ್ಲ, ಒಂದೂ ತಿಳಿಯದೆ ಡಾಕ್ಟರುಗಳು ರೋಗಿಗಳ ಮುಖ ನೋಡುತ್ತ, ರೋಗಿಗಳು ಡಾಕ್ಟರುಗಳ ಮುಖ ನೋಡುತ್ತ ನಿಂತಿದ್ದರು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸ ಬೀಗದಕ್ಕನ ಪಾಲಿಗೆ ಬಂತು. ಅವಳು ಬಾಗಿಲಷ್ಟೇ ಹಾಕಲಿಲ್ಲ, ಕೋಟೆಯನ್ನೇ ಬೇರೆ ಕಟ್ಟಿದಳು.

ಒಂದರ ಬದಲು ಮೂರು ಯಂತ್ರ, ಮೂರು ಬೇರೆ ಬೇರೆ ಕಟ್ಟಡಗಳಲ್ಲಿ. ಯಾವ ದಾಖಲೆಯನ್ನು ತಿದ್ದಬೇಕಾದರೂ ಮೂರನ್ನೂ ಕೇಳಬೇಕು. ಎರಡಾದರೂ ಹೌದೆಂದರೆ ಮಾತ್ರ ಅದು ನಿಜ. ಒಂದು ಯಂತ್ರ ಕೆಟ್ಟರೂ, ಕಳ್ಳನ ಕೈಗೆ ಸಿಕ್ಕು ಸುಳ್ಳಾಡಿದರೂ, ಉಳಿದೆರಡು ಸೇರಿ ಅದರ ಬಾಯಿ ಮುಚ್ಚಿಸುತ್ತವೆ. ಯಾರು ಯಾವ ದಾಖಲೆ ತೆರೆದರು ಎಂಬ ಹೆಜ್ಜೆಗುರುತು ಎಲ್ಲೆಡೆ ಬೀಳುತ್ತದೆ. ಅದನ್ನು ಒಬ್ಬರೇ ಅಳಿಸಲಾಗದು, ಬೀಗದಕ್ಕನಿಂದಲೂ ಆಗದು. ಎರಡನೆಯವರ ಕೀಲಿ ಬೇಕು. ಹೆಜ್ಜೆಗೆ ಹೆಸರಿರುವುದಿಲ್ಲ, ಬರೀ ನಂಬರು. ವಿಚಾರಣೆ ಶುರುವಾದ ಮೇಲಷ್ಟೇ ಹೆಸರು ಬಿಚ್ಚಿಕೊಳ್ಳುತ್ತದೆ. ಮುಖ ನೋಡಿ ಮಣೆ ಹಾಕಬಾರದು ಎಂದು ಅವಳೇ ಹಾಗೆ ಮಾಡಿದ್ದಳು. "ನನ್ನನ್ನೂ ನಂಬಬೇಡಿ ಅಂತಲೇ ಕಟ್ಟಿದ್ದೀನಿ" ಎಂದು ಸಭೆಯಲ್ಲಿ ಎದೆಯುಬ್ಬಿಸಿ ಹೇಳಿದ್ದಳು.

ಎಲ್ಲಕ್ಕಿಂತ ಅವಳಿಗೆ ಹೆಮ್ಮೆ ತಂದದ್ದು ಕನ್ನಡಿ ಕೋಣೆ. ನುಗ್ಗಿದ ಕಳ್ಳನನ್ನು ಹೊರಗೆ ದೂಡಿದರೆ ಅವನು ಇನ್ನೊಂದು ಕಿಂಡಿ ಹುಡುಕುತ್ತಾನೆ. ಅದಕ್ಕೆ ಬದಲು, ನಮ್ಮ ಮನೆಯಂತೆಯೇ ಕಾಣುವ ಇನ್ನೊಂದು ಮನೆಯೊಳಕ್ಕೆ ಅವನಿಗೇ ತಿಳಿಯದ ಹಾಗೆ ದಾಟಿಸಿಬಿಟ್ಟರೆ? ಅದೇ ಸ್ಕ್ರೀನು, ಅದೇ ಪುಟ, ಅದೇ ರೋಗಿಗಳು. ಅವನು ಅಲ್ಲಿ ಏನು ಬರೆದರೂ ಅಲ್ಲೇ ಉಳಿಯುತ್ತದೆ, ನಿಜದ ದಾಖಲೆಗೆ ಮುಟ್ಟುವುದಿಲ್ಲ. ಆಮೇಲೆ ಅವನು ಕಳ್ಳನೆಂದು ಗೊತ್ತಾದರೆ ಆ ಕೋಣೆಯನ್ನೇ ಅಳಿಸಿ ಹಾಕುವುದು. ಪಾಪದವನೆಂದು ಗೊತ್ತಾದರೆ ಅವನು ಬರೆದದ್ದನ್ನೆಲ್ಲ ತಂದು ನಿಜದ ದಾಖಲೆಗೆ ಸೇರಿಸುವುದು.

ಆದರೆ ಇವನು ಕಳ್ಳನಿರಬಹುದು ಎಂಬ ಗುಮಾನಿ ಮೊದಲು ಹುಟ್ಟಬೇಕಲ್ಲ? ಅದಕ್ಕೇ ಬೊಂಬೆ ರೋಗಿಗಳು. ಇಲ್ಲದ ಮನುಷ್ಯರಿಗೆ ಹೆಸರು, ವಯಸ್ಸು, ಕಾಯಿಲೆ ಕೊಟ್ಟು ನಿಜವಾದವರ ನಡುವೆ ಕೂರಿಸಿಟ್ಟಿದ್ದಳು. ಕೌಂಟರಿನ ಯಾವ ಪಟ್ಟಿಯಲ್ಲೂ ಅವರು ಬರುವುದಿಲ್ಲ. ಡಾಕ್ಟರಿಗೆ ಅವರು ಬೇಕಿಲ್ಲ, ನರ್ಸಿಗೆ ಬೇಕಿಲ್ಲ. ಅವರ ದಾಖಲೆ ತೆರೆಯುವವನು ಬೇಡದ ಕಡೆ ಕೈ ಹಾಕುವವನೇ ಸರಿ. ಕೈ ಹಾಕಿದೊಡನೆ ಸದ್ದಿಲ್ಲದೆ ಕನ್ನಡಿ ಕೋಣೆಗೆ ಬೀಳುತ್ತಾನೆ. ಬೊಂಬೆಗಳು ಹಳಸದಿರಲೆಂದು ಯಂತ್ರವೇ ಆಗಾಗ ಅವರ ತೂಕ, ಬಿ.ಪಿ. ಸ್ವಲ್ಪ ಅತ್ತ ಇತ್ತ ಮಾಡಿ, ಮುಂದಿನ ಭೇಟಿಯ ದಿನ ಬರೆದಿಡುತ್ತಿತ್ತು.

ಇದನ್ನೆಲ್ಲ ಪರೀಕ್ಷಿಸಲು ಆಸ್ಪತ್ರೆಯವರು ಕಳ್ಳರ ವೇಷದ ತಪಾಸಣೆಗಾರರನ್ನು ಕರೆಸಿದರು. ಅವರು ಊಟದ ಹೊತ್ತಿಗೆಲ್ಲ ಬೊಂಬೆಗಳನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕಿಟ್ಟರು.

"ಮೇಡಂ, ನಿಮ್ಮ ಬೊಂಬೆಗಳು ತುಂಬಾ ಒಳ್ಳೇವ್ರು" ಎಂದ ಅವರ ಮುಖ್ಯಸ್ಥ, ನಗು ತಡೆಯಲಾಗದೆ. "ಒಬ್ಬರೂ ಒಂದು ದಿನ ತಪ್ಪಿಸಿಲ್ಲ. ಒಬ್ಬರೂ ಡಾಕ್ಟರ ಹತ್ರ ಜಗಳ ಆಡಿಲ್ಲ. ಇಂಥ ರೋಗಿ ಭೂಮಿ ಮೇಲೆ ಹುಟ್ಟಿದ್ದಾನಾ, ಹೇಳಿ?"

ಬೀಗದಕ್ಕನ ಮುಖ ಕೆಂಪಾಯಿತು. ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ನಿಜವಾದ ರೋಗಿಯ ದಾಖಲೆ ಹೇಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳ ತಮ್ಮ ಅದೇ ಆಸ್ಪತ್ರೆಯ ಆಂಬುಲೆನ್ಸ್ ಓಡಿಸುತ್ತಿದ್ದವನು, ಹೃದಯದ ಕಾಯಿಲೆಯಲ್ಲಿ ವರ್ಷಗಟ್ಟಲೆ ಸವೆದು ಹಿಂದಿನ ಬೇಸಿಗೆಯಲ್ಲಿ ತೀರಿಹೋಗಿದ್ದ. ಅವನ ದಾಖಲೆ ತೆರೆದಳು. ಎಂಥ ದಾಖಲೆ ಅಂತೀರಿ! ಹೆಸರನ್ನು ಬರೆದವರೆಲ್ಲ ತಮಗೆ ತೋಚಿದಂತೆ ಬರೆದಿದ್ದರು. ತಪ್ಪಿಸಿದ ಭೇಟಿಗಳು ಬೇಕಾದಷ್ಟು. "ಉಪ್ಪು ಬಿಟ್ಟಿಲ್ಲ. ಬಿಟ್ಟಿದ್ದೇನೆ ಅನ್ನುತ್ತಾರೆ" ಎಂದು ಡಾಕ್ಟರು ಬರೆದದ್ದು. "ತೂಕ ನೋಡುವಾಗ ಬೂಟು ತೆಗೆಯಲು ಒಪ್ಪಲಿಲ್ಲ" ಎಂದು ನರ್ಸು ಬರೆದದ್ದು. ಓದುತ್ತ ಓದುತ್ತ ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಇನ್ನೇನೋ ಬಂತು.

ನಿಜವಾದ ಮನುಷ್ಯನನ್ನು ಬೊಂಬೆ ಮಾಡಬಾರದು ಎಂಬ ನಿಯಮವಿತ್ತು, ಬರೆದವಳು ಅವಳೇ. ಆದರೆ ಸತ್ತವನ ಬಾಗಿಲನ್ನು ಯಾರು ತಟ್ಟುತ್ತಾರೆ? ಅವನಿಂದ ಇನ್ನು ಯಾರಿಗೆ ಏನು ಕೆಡುಕು? ಹಾಗಂದುಕೊಂಡು ಒಂದೇ ಒಂದು ಪದ ಬದಲಿಸಿದಳು. "ಮೃತ" ಎಂದಿದ್ದ ಕಡೆ "ಚಿಕಿತ್ಸೆಯಲ್ಲಿದ್ದಾರೆ" ಎಂದು ಮಾಡಿದಳು. ಇಂಥ ತಿದ್ದುಪಡಿಗೂ ಬೇಕಾದ ಎರಡನೆಯ ಕೀಲಿ ಇದ್ದದ್ದು ಪಕ್ಕದ ಮೇಜಿನ ಹಿರಿಯನ ಹತ್ತಿರ; ಮಾತು, ನಡಿಗೆ ಎಲ್ಲ ನಿಧಾನವೆಂದು ಅವನಿಗೆ ಆಮೆಯಣ್ಣ ಎಂದು ಹೆಸರು ಬಿದ್ದಿತ್ತು. ಕೀಲಿ ಕೇಳಿದರೆ ಅವನು ಯಾಕೆಂದು ಓದಲೂ ಇಲ್ಲ. "ನೀನು ಮಾಡಿದ್ಮೇಲೆ ಸರಿಯಾಗೇ ಇರುತ್ತೆ ತಾಯಿ" ಎಂದು ಕೊಟ್ಟುಬಿಟ್ಟ.

ಮುಂದಿನ ಸಲ ಬಂದ ತಪಾಸಣೆಗಾರರು ಬಲೆಗೆ ನೇರವಾಗಿ ಬಿದ್ದರು. ಬೀಗದಕ್ಕನಿಗೆ ಶಭಾಶ್ ಎಂದರು. ಅವಳು ತಮ್ಮನನ್ನು ಅಲ್ಲೇ ಬಿಟ್ಟಳು.

ಈಗ ಮನೆಯ ಕಡೆ ಬರೋಣ. ಮನೆಯಲ್ಲಿ ಮೂವರು ಹೆಂಗಸರು: ಬೀಗದಕ್ಕ, ಅವಳ ಅಮ್ಮ, ತಮ್ಮನ ಹೆಂಡತಿ. ಆ ಹುಡುಗಿಗೆ ಗಂಡ ಸತ್ತ ಮೇಲೆ ಆಸ್ಪತ್ರೆಯವರು ಕನಿಕರಪಟ್ಟು ಫೋನಿನ ಮೇಜಿನಲ್ಲಿ ಕೆಲಸ ಕೊಟ್ಟಿದ್ದರು. ರೋಗಿಗಳಿಗೆ ಫೋನು ಮಾಡಿ, ಯಾವತ್ತು ಬರಬೇಕೆಂದು ಹೇಳಿ, ದಿನ ಗೊತ್ತುಮಾಡಿ ಕಂಪ್ಯೂಟರಿನಲ್ಲಿ ಬರೆಯುವ ಕೆಲಸ. ಮೊದಲೆಲ್ಲ ಅವಳು ಅರಳು ಹುರಿದಂತೆ ಮಾತಾಡುವವಳು. ಗಂಡ ಹೋದ ಮೇಲೆ ಮನೆಯಲ್ಲಿ ಅವಳ ಬಾಯಿಂದ ಮಾತು ಬರಬೇಕಾದರೆ ಬಾವಿಯಿಂದ ಕೊಡ ಸೇದಿದ ಹಾಗೆ. ಆಫೀಸಿನಲ್ಲಿ ಫೋನು ಕೈಗೆ ಬಂದಾಗ ಮಾತ್ರ, ಕೆಲಸ ನೋಡಿ, ಆಡಲೇಬೇಕು, ಆಡುತ್ತಿದ್ದಳು. ಆ ಕುರ್ಚಿಯೊಂದು ಅವಳನ್ನು ಹಿಡಿದು ನಿಲ್ಲಿಸಿದೆ ಎಂದು ಬೀಗದಕ್ಕನಿಗೆ ಗೊತ್ತಿತ್ತು.

ಇದ್ದಕ್ಕಿದ್ದಂತೆ ಆ ಹುಡುಗಿ ಮನೆಯಲ್ಲೂ ಚೇತರಿಸಿಕೊಳ್ಳತೊಡಗಿದಳು. ಬಟ್ಟೆ ಮಡಚುತ್ತ ಗುನುಗುವುದು, ಸಂಜೆ ಬಂದು ಅವರಿವರ ಸುದ್ದಿ ಹೇಳುವುದು.

"ಇವತ್ತು ಬಡಗಿ ತಾತ ಫೋನಲ್ಲಿ ಒಂದು ಒಗಟು ಹೇಳಿದ್ರು ಅತ್ತೆ" ಎಂದಳು ಒಂದು ಸಂಜೆ. "ಹಗಲೆಲ್ಲ ಬಾಯಿ ಬಿಟ್ಕೊಂಡಿರುತ್ತೆ, ಕತ್ತಲಾದ್ರೆ ಮುಚ್ಕೊಳ್ಳುತ್ತೆ, ಒಂದು ಮಾತೂ ಆಡಲ್ಲ. ಏನದು?"

"ನಿಮ್ಮತ್ತಿಗೆ ಇರ್ಬೇಕು" ಎಂದಳು ಅಮ್ಮ, ಮಗಳ ಕಡೆ ಗದ್ದ ತೋರಿಸಿ. "ಯಂತ್ರದ ಮುಂದೆ ಹಾಗೇ ತಾನೆ ಕೂತಿರೋದು."

"ಅಲ್ಲ ಅತ್ತೆ, ಬಾಗಿಲು!"

ಮೂವರೂ ನಕ್ಕರು. ಆ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕು ಎಷ್ಟು ಕಾಲವಾಗಿತ್ತೋ. ಹುಡುಗಿ ಒಳಗೆ ಹೋದ ಮೇಲೆ ಅಮ್ಮ ಪಿಸುಗುಟ್ಟಿದಳು, "ಗಾಯ ಮಾಗ್ತಿದೆ ಕಣೆ. ಕಾಲ ಎಲ್ಲಾನೂ ಮಾಗಿಸುತ್ತೆ."

ಅದೇ ದಿನಗಳಲ್ಲಿ ಕಿಟಕಿಯಿಲ್ಲದ ಕೋಣೆಯಲ್ಲಿ ಎಚ್ಚರಿಕೆ ಬಂತು. ಬೊಂಬೆಯೊಂದನ್ನು ಯಾರೋ ಮುಟ್ಟಿದ್ದಾರೆ. ಬೇರೆ ಯಾವ ಬೊಂಬೆಯೂ ಅಲ್ಲ, ತಮ್ಮನ ದಾಖಲೆ. ಫೋನಿನ ಮೇಜುಗಳ ಕಡೆಯ ಒಂದು ನಂಬರಿನಿಂದ. ಮರುದಿನ ಮತ್ತೆ, ಅದರ ಮರುದಿನ ಮತ್ತೆ, ಹೆಚ್ಚಾಗಿ ಊಟದ ಬಿಡುವಿನಲ್ಲಿ. ನಿಯಮದಂತೆ ಆ ನಂಬರು ಕನ್ನಡಿ ಕೋಣೆಗೆ ದಾಟಿಯಾಗಿತ್ತು. ಹಿಂದಿನ ಸಲದಂತೆಯೇ ಯಾರೋ ಹೊರಗಿನವನು ಗುಮಾಸ್ತರ ಪಾಸ್‌ವರ್ಡ್ ಕದ್ದಿದ್ದಾನೆ ಎಂದುಕೊಂಡಳು ಬೀಗದಕ್ಕ. ಕದಿಯುವವನು ಒಂದೇ ದಾಖಲೆಯನ್ನು ಯಾಕೆ ದಿನಾ ತೆಗೆಯುತ್ತಾನೆ ಎಂಬುದು ಮಾತ್ರ ಅವಳಿಗೆ ಬಗೆಹರಿಯಲಿಲ್ಲ. ಆಗಲೇ ವಿಚಾರಣೆ ತೆರೆಯಬಹುದಿತ್ತು. ಪಾಸ್‌ವರ್ಡಿನ ಒಡೆಯ ಯಾರಿದ್ದಾರೋ, ಅವರು ಬರೆದ ಭೇಟಿಯ ದಿನಗಳೂ ಕನ್ನಡಿ ಕೋಣೆಯಲ್ಲೇ ಉಳಿಯುತ್ತವೆ ಎಂಬುದೂ ಅವಳಿಗೆ ಹೊಳೆಯದೆ ಇರಲಿಲ್ಲ. ಇನ್ನೊಂದೆರಡು ದಿನ ನೋಡೋಣ, ಹಿಂದೆ ಯಾರಿದ್ದಾರೋ ಸಿಕ್ಕಿಬೀಳಲಿ ಅಂದುಕೊಂಡಳು. ಗಾಳ ಹಾಕಿ ಕೂತವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಒಂದೆರಡು ದಿನ ವಾರವಾಯಿತು, ವಾರದ ಮೇಲೂ ಆಯಿತು.

ಊಟಕ್ಕೆ ಕೂತಾಗ ಹೇಳಿಯೂಬಿಟ್ಟಳು.

"ಕಳ್ಳ ಸಿಕ್ಕಿದ್ದಾನೆ ಅಮ್ಮ. ದಿನಾ ಬರ್ತಾನೆ. ನಾನು ಇಟ್ಟ ಬೊಂಬೆಯನ್ನೇ ಮುಟ್ಟಿ ಹೋಗ್ತಾನೆ."

"ಏನು ಬೊಂಬೆನೋ, ಏನು ಕಳ್ಳನೋ. ಅಲ್ಲಿ ಅಷ್ಟು ಬೀಗ ಹಾಕ್ತೀಯ, ಇಲ್ಲಿ ಅಡುಗೆಮನೆ ಬಾಗಿಲು ಹಾಕಕ್ಕೆ ಬರಲ್ಲ. ಬೆಕ್ಕು ಇವತ್ತೂ ಹಾಲು ಕುಡಿದು ಹೋಯ್ತು" ಎಂದಳು ಅಮ್ಮ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಾಳೆ ಎಲ್ಲರ ಎದುರಿಗೂ ಹೇಳು, ಯಾರು ಮುಟ್ಕೊಳ್ತಾರೆ ನೋಡು."

ತಮ್ಮನ ಹೆಂಡತಿ ಬಡಿಸುತ್ತಿದ್ದಳು. ಅವಳ ಕೈ ಹೆಗಲಿಗೆ ಹೋಗಲಿಲ್ಲ. ತಾನು ಕದಿಯುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿದರೆ ತಾನೆ? "ಬೊಂಬೆ ಅಂದ್ರೆ ಏನು ಅತ್ತಿಗೆ?" ಎಂದು ಕೇಳಿದಳು, ಸುಮ್ಮನೆ.

"ಸುಳ್ಳು ರೋಗಿ ಕಣೆ. ಯಂತ್ರ ಬರೆದ ತೂಕ, ಯಂತ್ರ ಬರೆದ ಬಿ.ಪಿ. ಹಾಗೊಬ್ಬ ಮನುಷ್ಯನೇ ಇಲ್ಲ."

"ಓಹೋ" ಎಂದು ಹುಡುಗಿ ಇನ್ನೊಂದು ಸೌಟು ಬಡಿಸಿದಳು.

ಮಾರನೆಯ ದಿನ ಬೆಳಗ್ಗೆ ಕೌಂಟರಿನಲ್ಲಿ ಗಲಾಟೆ. ಕಂಪ್ಯೂಟರ್ ಏನೋ ತಿಂದುಹಾಕಿದೆ ಎಂದು ಬೀಗದಕ್ಕನನ್ನು ಕರೆಸಿದರು. ಒಬ್ಬ ಮುದುಕ ಕಾಲಿಗೆ ದಪ್ಪನೆ ಬಟ್ಟೆ ಸುತ್ತಿಕೊಂಡು, ಕೌಂಟರಿನ ಅಂಚು ಹಿಡಿದು ನಿಂತಿದ್ದ. ಸಕ್ಕರೆ ಕಾಯಿಲೆಯ ಹುಣ್ಣು.

"ಇವತ್ತೇ ಬನ್ನಿ ಅಂದ್ರು, ಬಂದಿದ್ದೀನಿ. ನಿಮ್ಮ ಹೆಸರೇ ಇಲ್ಲ ಅಂದ್ರೆ ನಾನೇನು ನನ್ನ ಹೆಸರು ಮನೇಲಿ ಮರೆತು ಬಂದ್ನಾ?"

"ತಾತ, ಕಂಪ್ಯೂಟರಲ್ಲಿ ಇಲ್ಲ, ನಾನೇನು ಮಾಡ್ಲಿ? ಸರ್ಜನ್ನಿನ ಇವತ್ತಿನ ಪಟ್ಟಿ ತುಂಬಿದೆ, ಇನ್ನು ಮುಂದಿನ ವಾರಾನೇ ಬರೋದು" ಎಂದಳು ಕೌಂಟರಿನವಳು.

"ಕಂಪ್ಯೂಟರಿಗೆ ಮರೆವು, ಕಾಲು ನನ್ನದು! ಫೋನ್ ಮಾಡಿದ ಆ ಮಗು ಇದ್ದಾಳಲ್ಲ, ಅವಳನ್ನ ಕರೀರಿ. ಸುಳ್ಳು ಹೇಳೋ ಮಗು ಅಲ್ಲ ಅದು. ಬಡಗಿ ತಾತ, ಬಡಗಿ ತಾತ ಅಂತ ಎಷ್ಟು ಪ್ರೀತಿಯಿಂದ ಮಾತಾಡಿಸ್ತಾಳೆ. ನನ್ನ ಒಗಟೆಲ್ಲ ಬಿಡಿಸ್ತಾಳೆ."

ಬೀಗದಕ್ಕನಿಗೆ ಹೆಸರು ಬಿಚ್ಚಲು ವಿಚಾರಣೆಯೇ ಬೇಕಾಗಲಿಲ್ಲ. ಮುದುಕನ ದಿನ ಕನ್ನಡಿ ಕೋಣೆಯಲ್ಲಿದೆ. ಅದನ್ನು ಬರೆದವಳು, ಊಟದ ಬಿಡುವಿನಲ್ಲಿ ಆ ದಾಖಲೆ ತೆರೆಯುವವಳು, ನಿನ್ನೆ ತನ್ನ ತಟ್ಟೆಗೆ ಬಡಿಸಿದವಳು, ಎಲ್ಲ ಒಬ್ಬಳೇ.

ಕೋಣೆಗೆ ಬಂದು ಕೂತಳು. ಅವಳ ಮುಖ ನೋಡಿ ಆಮೆಯಣ್ಣ ಕುರ್ಚಿ ಎಳೆದುಕೊಂಡು ಬಂದ. ಅವಳು ಏನನ್ನೂ ಮುಚ್ಚಿಡಲಿಲ್ಲ. ಅವನು ಬಹಳ ಹೊತ್ತು ಕನ್ನಡಕ ಒರೆಸಿದ.

"ನೋಡು ತಾಯಿ. ಬೊಂಬೆ ಮಾಡುವಾಗ ಕೀಲಿ ಕೊಟ್ಟೋನು ನಾನೂ ಹೌದು. ಈಗಲೂ ಕೊಡ್ತೀನಿ. ಇಬ್ಬರೂ ಸೇರಿ ಆ ಕನ್ನಡಿ ಕೋಣೆನ ಅಳಿಸಿಬಿಡೋಣ. ಹೆಜ್ಜೆನೂ ಹೋಗುತ್ತೆ, ಬೊಂಬೆನೂ ಹೋಗುತ್ತೆ. ಹೊರಗಿನ ಕಳ್ಳ, ಹಿಡಿಯೋಕಾಗ್ಲಿಲ್ಲ ಅಂತ ಬರೆದ್ರೆ ಮುಗೀತು."

"ಆಮೇಲೆ ಅವಳು ಬರೆದ ದಿನಗಳು?"

"ಅವೂ ಹೋಗುತ್ತೆ."

"ಅಷ್ಟೂ ಜನ ಬಂದು ಇಲ್ಲ ಅನ್ನಿಸ್ಕೊಂಡು ವಾಪಸ್ ಹೋಗ್ಬೇಕು. ಯಾರು ಯಾರು ಅಂತ ನಮಗೂ ಗೊತ್ತಾಗಲ್ಲ."

"ಹೂಂ" ಎಂದ ಆಮೆಯಣ್ಣ. "ಅವರ ದಿನ ಉಳಿಸ್ಬೇಕಾದ್ರೆ ವಿಚಾರಣೆ ತೆರೀಬೇಕು. ಅವಳು ಕಳ್ಳಿ ಅಲ್ಲ ಅಂತ ಬರೀಬೇಕು, ಯಾಕೆ ಅಲ್ಲ ಅಂತಲೂ ಬರೀಬೇಕು. ಬರೆದ್ರೆ ಅವಳ ಕುರ್ಚಿ ಹೋಗುತ್ತೆ. ಕೆಲಸಕ್ಕೆ ಬೇಡದ ದಾಖಲೆ ತೆರೆದೋರು ಸ್ಕ್ರೀನ್ ಮುಂದೆ ಕೂರಬಾರದು. ನಿಯಮ ನಿನ್ನದೇ."

ನುಗ್ಗಿದವರಿಂದ ರೋಗಿಗಳನ್ನು ಕಾಯಲು ಕಟ್ಟಿದ ಕೋಟೆ. ಅದರಲ್ಲೀಗ ಇದ್ದದ್ದು ಎರಡೇ ದಾರಿ: ಹುಡುಗಿಯನ್ನು ಉಳಿಸಬೇಕಾದರೆ ರೋಗಿಗಳನ್ನು ಬಿಡಬೇಕು, ರೋಗಿಗಳನ್ನು ಉಳಿಸಬೇಕಾದರೆ ಹುಡುಗಿಯನ್ನು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಬೇಲಿ ಹಾಕಿದವಳು ಯಾರ ಹತ್ತಿರ ಹೋಗುವುದು?

"ನಾಳೆ ಬೆಳಗ್ಗೆವರೆಗೆ ಟೈಮ್ ಕೊಡಿ ಅಣ್ಣ" ಎಂದಳು.

ಬೀಗದಕ್ಕ ಮನೆಗೆ ಬಂದಾಗ ಅಮ್ಮ ಪಕ್ಕದ ಮನೆಗೆ ಹೋಗಿದ್ದಳು. ತಮ್ಮನ ಹೆಂಡತಿ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಬೀಗದಕ್ಕ ತಂತಿಯ ಆ ಕಡೆ ನಿಂತಳು. ನಡುವೆ ಒಂದು ಹೊದಿಕೆ ನೇತಾಡುತ್ತಿತ್ತು.

"ದಿನಾ ಮಧ್ಯಾಹ್ನ ಅವನ ದಾಖಲೆ ತೆಗೀತೀಯಾ?"

ಬಟ್ಟೆಯ ಕ್ಲಿಪ್ಪು ತೆಗೆಯುತ್ತಿದ್ದ ಕೈ ನಿಂತಿತು.

"ನಿಮಗೆ ಹೇಗೆ ಗೊತ್ತಾಯ್ತು ಅತ್ತಿಗೆ?"

"ಯಾವಾಗಿಂದ?"

"ಒಂದು ದಿನ ಫೋನ್ ಬರ್ತಿರಲಿಲ್ಲ, ಸುಮ್ನೆ ಕೂತಿದ್ದೆ. ಅವರ ನಂಬರು ಬೆರಳಿಗೆ ಬಂದುಬಿಡ್ತು. ಅಷ್ಟು ವರ್ಷ ಕ್ಯೂನಲ್ಲಿ ನಿಂತು ಅದೇ ನಂಬರು ಹೇಳಿದ್ದೀನಲ್ಲ. ಮೃತ ಅಂತ ಇರುತ್ತೆ ಅಂತ ಗೊತ್ತಿತ್ತು. ಆದ್ರೆ..." ಹುಡುಗಿಯ ದನಿಯಲ್ಲಿ ಒಂದು ಬಗೆಯ ಗುಟ್ಟಿನ ಸಂತೋಷ ಇನ್ನೂ ಉಳಿದಿತ್ತು. "ಆದ್ರೆ ಚಿಕಿತ್ಸೆಯಲ್ಲಿದ್ದಾರೆ ಅಂತ ಇತ್ತು. ತಪ್ಪಾಗಿ ಬಿದ್ದಿದೆ ಅಂತ ಗೊತ್ತು ಅತ್ತಿಗೆ. ನಾನೇನು ಹುಚ್ಚಿ ಅಲ್ಲ. ಅವರ ಬಾಯಿಗೆ ಕೊನೇ ನೀರು ಬಿಟ್ಟೋಳು ನಾನೇ. ಆದ್ರೂ ಬಿ.ಪಿ. ಸರಿ ಇರೋ ದಿನ ನನಗೂ ಊಟ ಸೇರುತ್ತೆ. ಮೈ ಹಿಡಿದಿದ್ದಾರೆ, ಗೊತ್ತಾ? ಹೋಗುವಾಗ ಬರೀ ಮೂಳೆ ಆಗಿದ್ರಲ್ಲ. ಈಗ ತೂಕ ಏರ್ತಾ ಇದೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಸರಿ ಮಾಡಿಬಿಡ್ತಿದ್ರಿ."

ಗಾಳಿಗೆ ಹೊದಿಕೆ ಬೀಗದಕ್ಕನ ಮುಖಕ್ಕೆ ಬಡಿಯಿತು. ಅದನ್ನು ಸರಿಸದೆಯೇ ಅವಳು ಹೇಳಿದಳು. ತಪ್ಪಾಗಿ ಬಿದ್ದದ್ದಲ್ಲ, ತಾನೇ ಬರೆದದ್ದು. ಅವನನ್ನು ಬೊಂಬೆ ಮಾಡಿ ಕೂರಿಸಿದ್ದು. ಆ ತೂಕ, ಆ ಬಿ.ಪಿ. ಯಂತ್ರದ ಆಟ. ಕಳ್ಳ ಕಳ್ಳ ಎಂದು ಊಟಕ್ಕೆ ಕೂತು ತಾನು ಹೇಳಿದ್ದು ಅವಳನ್ನೇ. ಬಡಗಿ ತಾತನ ಕಾಲಿನ ಸುದ್ದಿಯನ್ನೂ ಹೇಳಿದಳು, ಎರಡು ದಾರಿಗಳನ್ನೂ ಹೇಳಿದಳು.

ಹುಡುಗಿ ಹೊದಿಕೆಯನ್ನು ತಂತಿಯಿಂದ ಎಳೆದಳು. ಈಗ ಇಬ್ಬರೂ ಎದುರುಬದುರು.

"ಹಾಗೊಬ್ಬ ಮನುಷ್ಯನೇ ಇಲ್ಲ ಅಂದ್ರಲ್ಲ ಅತ್ತಿಗೆ, ನಿನ್ನೆ ಊಟಕ್ಕೆ ಕೂತಾಗ. ಅದು ಇವರನ್ನೇ ಅಂದಿದ್ದಾ?"

ಬೀಗದಕ್ಕ ಹೌದೆಂದು ತಲೆಯಾಡಿಸಿದಳು.

"ಹೊಲದಲ್ಲಿ ಹಕ್ಕಿ ಓಡಿಸೋಕೆ ಹಳೇ ಅಂಗಿ ತೊಡಿಸಿ ನಿಲ್ಲಿಸ್ತಾರಲ್ಲ, ಹಾಗೆ ನಿಲ್ಲಿಸಿದ್ರಾ ನಿಮ್ಮ ತಮ್ಮನ್ನ?"

"ಅವನ ಬಾಗಿಲು ಯಾರೂ ತಟ್ಟಲ್ಲ ಅಂದ್ಕೊಂಡೆ ಕಣೆ."

"ನನ್ನ ನೆನಪೇ ಬರಲಿಲ್ವಾ?"

ಬಂದಿರಲಿಲ್ಲ, ಅದೇ ನಿಜ. ಲೋಕದ ಕಳ್ಳರ ಬುದ್ಧಿ ಎಲ್ಲೆಲ್ಲಿ ಓಡುತ್ತದೆ ಎಂದು ಲೆಕ್ಕ ಹಾಕಿದವಳಿಗೆ, ಪಕ್ಕದ ಕೋಣೆಯಲ್ಲಿ ಮಲಗುವ ಹೆಂಗಸಿನ ಬೆರಳು ಎಲ್ಲಿಗೆ ಓಡೀತು ಎಂದು ಹೊಳೆದಿರಲಿಲ್ಲ.

ಹುಡುಗಿ ಹೊದಿಕೆಯನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿ ಎದೆಗೆ ಅವಚಿಕೊಂಡಳು. "ಬಡಗಿ ತಾತನ ದಿನ ಬರೆದೋಳು ನಾನು. ಬನ್ನಿ ಅಂತ ಕರೆದೋಳೂ ನಾನು. ಅಳಿಸ್ಬೇಡಿ. ಎಲ್ಲರದ್ದೂ ಸೇರಿಸಿ."

"ನಿನ್ನ ಕೆಲಸ ಹೋಗುತ್ತೆ ಕಣೆ."

"ಕೇಳಿಸ್ತು ಅತ್ತಿಗೆ. ಸೇರಿಸಿ" ಎಂದು ಒಳಗೆ ಹೋದಳು.

ಮರುದಿನ ಬೆಳಗ್ಗೆಯೇ ಬೀಗದಕ್ಕ ವಿಚಾರಣೆ ತೆರೆದಳು. ಕಾರಣ ಬರೆಯಬೇಕಾದ ಕಡೆ ಕಾರಣ ಬರೆದಳು, ತನ್ನದನ್ನೂ ಸೇರಿಸಿ. ಆಮೆಯಣ್ಣ ಈ ಸಲ ಪೂರ್ತಿ ಓದಿ ಕೀಲಿ ಕೊಟ್ಟ. ಕನ್ನಡಿ ಕೋಣೆಯ ದಿನಗಳೆಲ್ಲ ನಿಜದ ದಾಖಲೆಗೆ ಬಂದು ಸೇರಿದವು. ಬಹಳ ಜನರಿಗೆ ಏನೂ ಆಗಿರಲಿಲ್ಲ, ಏನಾಗಬಹುದಿತ್ತೆಂಬುದೂ ತಿಳಿಯಲಿಲ್ಲ. ಬಡಗಿ ತಾತನನ್ನು ಮುಂದಿನ ವಾರ ಸರ್ಜನ್ ನೋಡಿದರು. ಕಾಲಿನ ಒಂದು ಬೆರಳು ತೆಗೆಯಬೇಕಾಯಿತು. ಒಂದು ವಾರ ಮೊದಲೇ ನೋಡಿದ್ದರೆ ಉಳಿಯುತ್ತಿತ್ತೇ ಎಂದು ಬೀಗದಕ್ಕ ಹೋಗಿ ಕೇಳಿದಳು. "ಉಳಿದರೂ ಉಳೀತಿತ್ತು, ಇಲ್ಲದಿದ್ರೂ ಇಲ್ಲ" ಎಂದರು ಅವರು, ಕೈ ತೊಳೆಯುತ್ತ.

ಮೇಲಿನವರು ಇಬ್ಬರನ್ನೂ ಕರೆಸಿದರು. ಬೀಗದಕ್ಕನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಅವಳಿಲ್ಲದೆ ಆ ಮೂರು ಯಂತ್ರಗಳನ್ನು ನೋಡಿಕೊಳ್ಳುವವರು ಯಾರಿದ್ದರು? ತಮ್ಮನ ಹೆಂಡತಿಯನ್ನು ಫೋನಿನ ಮೇಜಿನಿಂದ ತೆಗೆದು ಬಟ್ಟೆಯ ಉಗ್ರಾಣಕ್ಕೆ ಹಾಕಿದರು. ಅಲ್ಲಿ ಒಗೆದು ಬಂದ ಹಾಸಿಗೆ ಬಟ್ಟೆಗಳನ್ನು ಮಡಚಿ ಗೂಡಿಗೆ ಜೋಡಿಸಬೇಕು. ಸ್ಕ್ರೀನಿಲ್ಲ, ಫೋನಿಲ್ಲ, ಮಾತಾಡಿಸಲು ಜನವಿಲ್ಲ. ಕನಿಕರದಿಂದ ಕೆಲಸದಲ್ಲಿ ಉಳಿಸಿಕೊಂಡಿದ್ದೇವೆ ಎಂದರು. ಗಾಳ ಹಾಕಿದವಳು ದಡದಲ್ಲೇ ಉಳಿದಳು.

ಇನ್ನೊಂದು ಕೆಲಸ ಬಾಕಿಯಿತ್ತು. ಸತ್ತವನನ್ನು ಮತ್ತೆ ಸತ್ತವನೆಂದು ಬರೆಯಬೇಕು. ಯಾರನ್ನಾದರೂ ಮೃತರೆಂದು ಬರೆಯಲು ಮನೆಯವರೊಬ್ಬರು ಎದುರಿಗಿದ್ದು ಒಪ್ಪಬೇಕೆಂಬುದು ಆಸ್ಪತ್ರೆಯ ಕ್ರಮ. ಅಕ್ಕನ ಒಪ್ಪಿಗೆ ಸಾಲದು, ಬರೆಯುವವಳೇ ಅವಳು. ಹಾಗಾಗಿ ತಮ್ಮನ ಹೆಂಡತಿ ಮೊದಲ ಸಲ ಆ ಕಿಟಕಿಯಿಲ್ಲದ ಕೋಣೆಗೆ ಬಂದಳು. ಅವಳ ತೋಳಿಗೆ ಉಗ್ರಾಣದ ಬಟ್ಟೆಯ ಬಿಳಿ ನೂಲು ಅಂಟಿತ್ತು. ಆಮೆಯಣ್ಣ ಎದ್ದು ತನ್ನ ಕುರ್ಚಿ ಕೊಟ್ಟು ಹೊರಗೆ ಹೋದ.

"ಒಂದ್ಸಲ ನೋಡ್ಲಾ ಅತ್ತಿಗೆ?"

ಬೀಗದಕ್ಕ ಸ್ಕ್ರೀನನ್ನು ಅವಳ ಕಡೆ ತಿರುಗಿಸಿದಳು. ಹುಡುಗಿ ಬೆರಳಿಟ್ಟುಕೊಂಡು ಸಾಲು ಸಾಲಾಗಿ ಓದಿದಳು. ಉಪ್ಪಿನ ಮಾತು ಬಂದ ಕಡೆ ಸ್ವಲ್ಪ ನಿಂತಳು. ಕೊನೆಗೆ ತೂಕದ ಹತ್ತಿರ ಬಂದಳು.

"ಮತ್ತೆ ಏರಿದೆ" ಎಂದಳು. "ಬೂಟು ಹಾಕ್ಕೊಂಡೇ ನಿಂತಿರ್ತಾರೆ."

ಇಬ್ಬರೂ ನಗಲಿಲ್ಲ.

ಬೀಗದಕ್ಕ ಪದ ಬದಲಿಸಿದಳು. ಖಚಿತವೇ ಎಂದು ಯಂತ್ರ ಕೇಳಿತು. ಹುಡುಗಿ ಹೌದೆಂದು ತಲೆಯಾಡಿಸಿದಳು. ತಲೆಯಾಡಿಸಿದರೆ ಸಾಲದು, ಬಾಯಿಬಿಟ್ಟು ಹೇಳಬೇಕೆಂದು ಬೀಗದಕ್ಕ ಹೇಳಬೇಕಾಯಿತು. "ಹೌದು" ಎಂದಳು. ಎದ್ದು ನಿಂತು ಕುರ್ಚಿಯನ್ನು ಇದ್ದ ಜಾಗಕ್ಕೆ ಸರಿಸಿ, ಉಗ್ರಾಣಕ್ಕೆ ಹೊರಟುಹೋದಳು.

ಅವತ್ತು ಮೂರನೆಯ ಯಂತ್ರ ನಿಂತಿತ್ತು. ಅದರ ಕಟ್ಟಡದಲ್ಲಿ ಎ.ಸಿ. ಕೆಟ್ಟು, ಬಿಸಿಯೇರಿ, ಬೆಳಗ್ಗೆಯೇ ಆರಿಸಿದ್ದರು. ಎರಡು ಯಂತ್ರಗಳ ಒಪ್ಪಿಗೆ ಸಾಕಾದ್ದರಿಂದ ಕೆಲಸ ನಿಲ್ಲಲಿಲ್ಲ. ಮಧ್ಯಾಹ್ನ ಊಟದ ಬಿಡುವಿನ ಹೊತ್ತಿಗೆ ರಿಪೇರಿ ಮುಗಿದು ಮೂರನೆಯದು ಎಚ್ಚರವಾಯಿತು. ಬೆಳಗಿನ ಸುದ್ದಿ ಅದಕ್ಕೆ ಗೊತ್ತಿರಲಿಲ್ಲ. ಬೀಗದಕ್ಕನ ಸ್ಕ್ರೀನಿನಲ್ಲಿ ಒಂದು ಸಾಲು ಕೆಂಪಗೆ ಮೂಡಿತು: ಎರಡು ಯಂತ್ರಗಳು ಆ ರೋಗಿ ಮೃತನೆನ್ನುತ್ತವೆ, ಒಂದು ಮಾತ್ರ ಚಿಕಿತ್ಸೆಯಲ್ಲಿದ್ದಾನೆ ಎನ್ನುತ್ತದೆ. ಏನು ಮಾಡಬೇಕೆಂದು ಯಂತ್ರಗಳು ಅವಳನ್ನು ಕೇಳಲಿಲ್ಲ. ಕೇಳದ ಹಾಗೆ ಕಟ್ಟಿದವಳು ಅವಳೇ. ಅವಳು ನೋಡುತ್ತಿದ್ದಂತೆಯೇ ಎರಡು ಸೇರಿ ಒಂದಕ್ಕೆ ತಿಳಿಹೇಳಿದವು, ಕೆಂಪು ಸಾಲು ಆರಿತು.

ಸಂಜೆ ಊಟಕ್ಕೆ ಕೂತಾಗ ಅಮ್ಮ ಒಬ್ಬಳೇ ಮಾತಾಡಿದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

"ಯಾಕೇ, ಈ ಹುಡುಗಿ ಮತ್ತೆ ಮಂಕಾದ್ಳು? ಚೆನ್ನಾಗಿ ಮಾತಾಡಿಕೊಂಡಿದ್ಳಲ್ಲ. ನೀನೇನಾದ್ರೂ ಅಂದ್ಯಾ ಅವಳಿಗೆ?"

ತಮ್ಮನ ಹೆಂಡತಿ ಬಡಿಸುತ್ತಲೇ ಇದ್ದಳು. ಬೀಗದಕ್ಕ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಕೇಳಿದ್ದಕ್ಕೆ ಇಬ್ಬರೂ ಬಾಯಿ ಬಿಡಲ್ಲ. ಹೋಗ್ಲಿ ಬಿಡಿ, ನನಗೇನು" ಎಂದಳು ಅಮ್ಮ. "ಆ ಅಡುಗೆಮನೆ ಬಾಗಿಲಾದ್ರೂ ಹಾಕಿದ್ದೀಯೇನೆ?"

ಬೀಗದಕ್ಕ ಎದ್ದು ಹೋಗಿ ಹಾಕಿ ಬಂದಳು.